ತಾರಸಿಯ ತಂತಿಗೂ ಶ್ರುತಿ ಬೇಕು

ಹೊಸ ತಂಬೂರಿಯನ್ನು ಅಂಗಡಿಯಿಂದ ತಂದು ಗೋಡೆಗೆ ಒರಗಿಸಿದ ಕೂಡಲೇ ಅದು ಶ್ರುತಿಯಲ್ಲಿರುತ್ತದೆಯೇ? ಸಂಗೀತ ಕಲಿಯುವ ಯಾವ ಮಗುವನ್ನು ಕೇಳಿದರೂ ‘ಇಲ್ಲ’ ಎನ್ನುತ್ತದೆ. ಬಿರಡೆ ತಿರುಗಿಸಬೇಕು, ಮಣಿ ಜರುಗಿಸಬೇಕು, ಕಿವಿಗೊಟ್ಟು ಕೇಳಬೇಕು. ಅಂಗಡಿಯಲ್ಲಿ ಸರಿಯಾಗಿದ್ದದ್ದು ಮನೆಗೆ ಬರುವಷ್ಟರಲ್ಲಿ ಇಳಿದಿರುತ್ತದೆ. ಮಳೆಗಾಲದಲ್ಲಿ ಒಂದು ಥರ, ಬೇಸಿಗೆಯಲ್ಲಿ ಇನ್ನೊಂದು ಥರ. ಇದರಲ್ಲಿ ತಂಬೂರಿ ಮಾಡಿದವರ ತಪ್ಪೇನೂ ಇಲ್ಲ. ತಂತಿವಾದ್ಯದ ಸ್ವಭಾವವೇ ಹಾಗೆ.

ಮಕ್ಕಳೇ, ಅಜ್ಜ ಅಜ್ಜಿಯರೇ, ಈ ವಾರ ನಾವು ನೋಡಲಿರುವುದೂ ಒಂದು ತಂತಿಯ ಕಥೆಯೇ. ಆದರೆ ಈ ತಂತಿ ಇರುವುದು ತಾರಸಿಯ ಮೇಲೆ. ಅದರ ಹೆಸರು ಆಂಟೆನಾ; ಹಿರಿಯರ ಬಾಯಲ್ಲಿ ‘ಏರಿಯಲ್’. ಹಿಂದೆ ಮನೆಯ ನಡುಮನೆಯಲ್ಲಿ ಈ ಗೋಡೆಯಿಂದ ಆ ಗೋಡೆಗೆ ತಾಮ್ರದ ಜಾಲರಿಯ ಪಟ್ಟಿ ಕಟ್ಟಿ, ಅದರಿಂದ ಒಂದು ತಂತಿಯನ್ನು ವಾಲ್ವ್ ರೇಡಿಯೊದ ಬೆನ್ನಿಗೆ ಸಿಕ್ಕಿಸುತ್ತಿದ್ದದ್ದು ಎಷ್ಟೋ ಅಜ್ಜಂದಿರಿಗೆ ನೆನಪಿರಬೇಕು. ಆ ರೇಡಿಯೊ ಇಟ್ಟುಕೊಳ್ಳಲು ಪೋಸ್ಟ್ ಆಫೀಸಿಗೆ ಹೋಗಿ ಲೈಸೆನ್ಸ್ ಹಣ ಕಟ್ಟಿದ್ದೂ ನೆನಪಿರಬೇಕು.

ಆ ಏರಿಯಲ್ ಬರೀ ಕೇಳುವ ಏರಿಯಲ್. ನಾವಿಂದು ಹೇಳುತ್ತಿರುವುದು ಕೇಳುವುದರ ಜೊತೆಗೆ ಮಾತನ್ನೂ ಆಡುವ ಆಂಟೆನಾ. ಹವ್ಯಾಸಿ ರೇಡಿಯೊ, ಅಂದರೆ ಹ್ಯಾಮ್ ರೇಡಿಯೊ ನಡೆಸುವವರು ಬಳಸುವಂಥದ್ದು. ಇವರು ಪರೀಕ್ಷೆ ಬರೆದು, ಕೇಂದ್ರ ಸರ್ಕಾರದಿಂದ ಲೈಸೆನ್ಸ್ ಪಡೆದು, ತಮ್ಮ ಮನೆಯಿಂದಲೇ ದೂರದೂರದ ಊರಿನವರೊಂದಿಗೆ ರೇಡಿಯೊದಲ್ಲಿ ಮಾತಾಡುತ್ತಾರೆ. ನಡುವೆ ಮೊಬೈಲ್ ಟವರ್ ಇಲ್ಲ, ಇಂಟರ್ನೆಟ್ ಇಲ್ಲ. ಈ ತಂತಿಗೂ ಆ ತಂತಿಗೂ ನಡುವೆ ಆಕಾಶ ಮಾತ್ರ. ಈ ಹವ್ಯಾಸ ಬೆಂಗಳೂರಿಗೆ ಹೊಸದಲ್ಲ. ಬೆಂಗಳೂರು ಹವ್ಯಾಸಿ ರೇಡಿಯೊ ಕ್ಲಬ್ ಆರಂಭವಾದದ್ದು 1959ರಲ್ಲಿ.

ನಾಲ್ಕು ಮನೆಯಾಚೆಯ ತಾತ

ಇಲ್ಲಿ ಕುಮಾರ ಪಾರ್ಕಿನಲ್ಲಿ ನಮ್ಮ ಮನೆಯಿಂದ ನಾಲ್ಕು ಮನೆಯಾಚೆ ಅಂಥ ಒಬ್ಬ ತಾತ ಇದ್ದಾರೆ. ವಯಸ್ಸು ಎಪ್ಪತ್ತೆಂಟು. ಬೆಳಿಗ್ಗೆ ಕಾಫಿ ಮುಗಿಸಿ ರೇಡಿಯೊ ಮುಂದೆ ಕುಳಿತರೆ ಹುಬ್ಬಳ್ಳಿ, ಮಂಗಳೂರು, ಸೇಲಂ ಎಂದು ನಾಲ್ಕಾರು ಊರಿನ ಹಳೆಯ ಸ್ನೇಹಿತರ ದನಿ ಕೇಳುತ್ತಿತ್ತು. ಕಳೆದ ಮಳೆಗಾಲದಲ್ಲಿ ಪಕ್ಕದ ಮರದ ಕೊಂಬೆ ಬಿದ್ದು, ತಾತ ತಮ್ಮ ಕೈಯಾರೆ ಕಟ್ಟಿದ್ದ ಹಳೆಯ ಆಂಟೆನಾ ತುಂಡಾಯಿತು. ಈಗ ಬೆಸುಗೆ ಹಾಕಲು ಅವರ ಕೈ ನಡುಗುತ್ತದೆ, ಮೆಟ್ಟಿಲು ಹತ್ತಲು ಮಂಡಿ ಬಿಡುವುದಿಲ್ಲ. ಹಾಗಾಗಿ ಮಗ ಅಂಗಡಿಯಿಂದ ಸಿದ್ಧ ಆಂಟೆನಾ ಕೊಂಡು ತಂದು ತಾರಸಿಯ ಮೇಲೆ ಕಟ್ಟಿಸಿಕೊಟ್ಟರು.

ಆದರೆ ಮಾತು ಹೋಗಲಿಲ್ಲ. ಸ್ನೇಹಿತರೆಲ್ಲ ‘ನೀವು ಬಂದಿದ್ದೀರೋ ಇಲ್ಲವೋ ಗೊತ್ತಾಗುತ್ತಿಲ್ಲ’ ಎನ್ನತೊಡಗಿದರು. ಅವರ ಮಾತೂ ಇವರಿಗೆ ಸರಿಯಾಗಿ ಕೇಳಿಸದು. ಎರಡು ವಾರವಾದ ಮೇಲೆ ತಾತ ರೇಡಿಯೊಗೆ ಬಟ್ಟೆ ಮುಚ್ಚಿದರು. ‘ಇದನ್ನು ವಾಪಸ್ ಕೊಟ್ಟುಬಿಡಪ್ಪ, ಸಾಕು’ ಎಂದರು ಮಗನಿಗೆ. ಆಂಟೆನಾ ಒಂದೇ ವಾಪಸ್ ಹೋಗುವುದಾಗಿದ್ದರೆ ಚಿಂತೆಯಿರಲಿಲ್ಲ. ಅದರ ಜೊತೆ ತಾತನ ಬೆಳಗಿನ ಗೆಳೆತನವೂ ಹೋಗುವುದರಲ್ಲಿತ್ತು.

ಆಗ ಎದ್ದವಳು ಆರನೇ ತರಗತಿಯ ಮೊಮ್ಮಗಳು. ‘ತಾತ, ಅದು ಕೆಟ್ಟಿದೆ ಅಂತ ನಿಂಗೆ ಹೇಗೆ ಗೊತ್ತು? ಅಳೆದು ನೋಡಿದ್ಯಾ?’

ತಾತ ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇಲ್ಲ ಕಣೇ ಪುಟ್ಟಿ. ಅಳೆಯೋಣ ಬಾ’ ಎಂದರು.

ಅವರಿಬ್ಬರೂ ಮೂರು ಭಾನುವಾರ ಮಾಡಿದ ಕೆಲಸವೇ ಈ ವಾರದ ಪಾಠ. ತಾತನಿಗೆ ಏನು ಮಾಡಬೇಕೆಂದು ಗೊತ್ತು, ಮೊಮ್ಮಗಳಿಗೆ ಮೇಲೆ ಹತ್ತುವ ಕಾಲಿದೆ. ಅವಳ ಅಮ್ಮ ಜೊತೆಗೆ ತಾರಸಿಯಲ್ಲಿ ನಿಂತರು. ಒಂದು ನೋಟ್‌ಬುಕ್ಕು, ಒಂದು ಪೆನ್ಸಿಲು. ನಿಯಮ ಎರಡೇ: ಒಂದು ಸಲಕ್ಕೆ ಒಂದೇ ಬದಲಾವಣೆ, ಮಾಡಿದ್ದನ್ನೆಲ್ಲ ಬರೆದಿಡುವುದು.

ಉದ್ದವೇ ಶ್ರುತಿ

ಮೊದಲು ಸ್ವಲ್ಪ ಲೆಕ್ಕ. ರೇಡಿಯೊ ಅಲೆ ಬೆಳಕಿನಷ್ಟೇ ವೇಗವಾಗಿ, ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಓಡುತ್ತದೆ. 300 ಎಂಬ ಸಂಖ್ಯೆಯನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ತಾತ ಮಾತಾಡುವುದು 7.1 ಮೆಗಾಹರ್ಟ್ಜ್‌ನಲ್ಲಿ. 300 ಭಾಗಿಸು 7.1, ಅಂದರೆ ಸುಮಾರು 42 ಮೀಟರ್. ಈ ಆಸುಪಾಸಿನ ಪಟ್ಟಿಯನ್ನು ಹ್ಯಾಮ್‌ಗಳು ‘40 ಮೀಟರ್ ಬ್ಯಾಂಡ್’ ಎನ್ನುತ್ತಾರೆ. ನಮ್ಮ ದೇಶದಲ್ಲಿ ಈ ಪಟ್ಟಿ 7.0ರಿಂದ 7.2 ಮೆಗಾಹರ್ಟ್ಜ್‌ವರೆಗೆ.

ಎಲ್ಲಕ್ಕಿಂತ ಸರಳವಾದ ಆಂಟೆನಾ ಎಂದರೆ ಡೈಪೋಲ್. ಅಲೆಯ ಅರ್ಧದಷ್ಟು ಉದ್ದದ ತಂತಿಯನ್ನು ನಡುವೆ ಕತ್ತರಿಸಿ, ಅಲ್ಲಿಂದ ಕೇಬಲ್ ಇಳಿಬಿಡುವುದು. ಅಷ್ಟೇ. 42ರ ಅರ್ಧ 21 ಮೀಟರ್. ನಿಜವಾದ ತಂತಿಯಲ್ಲಿ ಇದಕ್ಕಿಂತ ನೂರಕ್ಕೆ ಐದರಷ್ಟು ಕಡಿಮೆ ಸಾಕು, ಅಂದರೆ ಸುಮಾರು 20 ಮೀಟರ್. ಅಂಗಡಿಯ ಪೆಟ್ಟಿಗೆಯಲ್ಲಿದ್ದ ತಂತಿಯನ್ನು ಮೊಮ್ಮಗಳು ಟೇಪಿನಿಂದ ಅಳೆದಳು. ಎರಡೂ ಕಡೆ ಸೇರಿ 20 ಮೀಟರ್ 40 ಸೆಂಟಿಮೀಟರ್. ಕೊಂಡವರು ತಮ್ಮ ಮನೆಗೆ ತಕ್ಕಂತೆ ಚಿಕ್ಕದು ಮಾಡಿಕೊಳ್ಳಲಿ ಎಂದು ತಯಾರಕರು ಹೀಗೆ ತುಸು ಉದ್ದ ಬಿಟ್ಟಿರುತ್ತಾರೆ. ದರ್ಜಿ ಸ್ಕೂಲ್ ಯೂನಿಫಾರಂ ಪ್ಯಾಂಟಿನ ಅಂಚಿನಲ್ಲಿ ಬಟ್ಟೆ ಮಡಿಚಿ ಹೊಲಿಯುವುದಿಲ್ಲವೇ, ಹಾಗೆ.

ಇಷ್ಟು ಉದ್ದದ ತಂತಿಗೆ ಜಾಗವೆಲ್ಲಿ? ಆ ಮನೆಯ ತಾರಸಿ 50 ಅಡಿ ಉದ್ದ, 40 ಅಡಿ ಅಗಲ. ತಂತಿ 67 ಅಡಿ. ನೇರ ಕಟ್ಟಿದರೆ ಹಿಡಿಯದು. ಆದರೆ ಮೂಲೆಯಿಂದ ಮೂಲೆಗೆ? ಪೈಥಾಗರಸ್‌ನನ್ನು ಕೇಳಿ: 50ರ ವರ್ಗ 2500, 40ರ ವರ್ಗ 1600, ಕೂಡಿದರೆ 4100, ಅದರ ವರ್ಗಮೂಲ 64 ಅಡಿ. ನಡುವೆ 20 ಅಡಿಯ ಪೈಪು ನಿಲ್ಲಿಸಿ, ಎರಡು ತುದಿಗಳನ್ನು 8 ಅಡಿ ಎತ್ತರಕ್ಕೆ ಇಳಿಸಿ ಕಟ್ಟಿದರೆ ಸರಿಯಾಗಿ ಹಿಡಿಯುತ್ತದೆ. ತಲೆಕೆಳಗಾದ ಇಂಗ್ಲಿಷ್ ‘ವಿ’ ಅಕ್ಷರದ ಆಕಾರ. ಮಗ ಹಾಗೆಯೇ ಕಟ್ಟಿಸಿದ್ದರು.

ಮೊದಲನೆಯ ದೂರು: ಜೀರುಂಡೆ ಸದ್ದು

ರೇಡಿಯೊ ಹಾಕಿದರೆ ‘ಝೀ’ ಎಂದು ಬಿಡದೆ ಸದ್ದು. ಆ ಸದ್ದಿನಡಿ ಸ್ನೇಹಿತರ ದನಿ ಮುಳುಗಿಹೋಗಿತ್ತು. ತಾತ ಮೊದಲು ದೂರಿದ್ದು ಆಂಟೆನಾವನ್ನೇ. ಆದರೆ ಆಂಟೆನಾ ಮಾಡುವುದೇನು? ಹತ್ತಿರ ಇರುವುದನ್ನೆಲ್ಲ ಕೇಳಿಸಿಕೊಳ್ಳುತ್ತದೆ. ಕೆಟ್ಟ ಸದ್ದು ಕೇಳಿಸಿತೆಂದು ಕಿವಿಯನ್ನು ಬೈದರೆ ಆದೀತೇ?

ಈಗಿನ ಮನೆಗಳಲ್ಲಿ ಸದ್ದಿನ ಮೂಲಗಳು ಬೇಕಾದಷ್ಟಿವೆ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ವೈಫೈ ಪೆಟ್ಟಿಗೆಯ ಅಡಾಪ್ಟರ್, ಯುಪಿಎಸ್, ಸೋಲಾರ್ ಇನ್ವರ್ಟರ್. ಇವುಗಳಲ್ಲಿ ಬಹಳಷ್ಟು ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಸಲ ಹಾಕಿ ಆರಿಸಿ ಕೆಲಸ ಮಾಡುತ್ತವೆ. ಅಗ್ಗದವುಗಳಲ್ಲಿ ಅದರ ಕಿರಿಕಿರಿ ಹೊರಗೆ ಸೋರುತ್ತದೆ.

ಪತ್ತೇದಾರಿಕೆಗೆ ಒಂದು ಸುಲಭ ದಾರಿಯಿದೆ. ರೇಡಿಯೊವನ್ನು 12 ವೋಲ್ಟಿನ ಬ್ಯಾಟರಿಯ ಮೇಲೆ ನಡೆಸಿ. ಮನೆಯ ದೊಡ್ಡವರಿಗೆ ಹೇಳಿ ಮೈನ್ ಸ್ವಿಚ್ ಆರಿಸಿ; ಯುಪಿಎಸ್ಸನ್ನೂ ಆರಿಸಿ. ಸದ್ದು ನಿಂತರೆ ಕಳ್ಳ ನಮ್ಮ ಮನೆಯೊಳಗೇ ಇದ್ದಾನೆ. ಆಮೇಲೆ ಒಂದೊಂದೇ ಸ್ವಿಚ್ ಹಾಕುತ್ತ ಬನ್ನಿ. ಸದ್ದು ಎಲ್ಲಿ ಮರಳಿ ಬಂತೋ ಅಲ್ಲಿ ಹುಡುಕಿ.

ಮೊಮ್ಮಗಳು ಪಟ್ಟಿ ಹಿಡಿದು ಮನೆಯೆಲ್ಲ ಓಡಾಡಿದಳು. ಅಡುಗೆಮನೆ, ಸದ್ದಿಲ್ಲ. ಟಿವಿ, ಸದ್ದಿಲ್ಲ. ನಡುಮನೆಯ ಕೊನೆಯ ಪ್ಲಗ್ಗು ಹಾಕಿದ್ದೇ ತಡ, ‘ಬಂತು ಬಂತು!’ ಎಂದು ತಾತ ಒಳಗಿನಿಂದ ಕೂಗಿದರು. ಅದು ಅವಳದೇ ಮೀನಿನ ತೊಟ್ಟಿಯ ದೀಪದ ಅಡಾಪ್ಟರ್! ಬೇರೆ ಒಳ್ಳೆಯ ಅಡಾಪ್ಟರ್ ತಂದು ಹಾಕಿದರು. ಅರ್ಧದಷ್ಟು ಊರುಗಳ ದನಿ ಅವತ್ತೇ ಮರಳಿ ಬಂತು. ಆಂಟೆನಾವನ್ನು ಇನ್ನೂ ಯಾರೂ ಮುಟ್ಟಿರಲಿಲ್ಲ ಎಂಬುದನ್ನು ಗಮನಿಸಿ.

ಎರಡನೆಯ ದೂರು: ಗಾಳಿಗೆ ಕುಣಿಯುವ ಮುಳ್ಳು

ಕೇಳುವುದು ಸರಿಯಾಯಿತು, ಹೇಳುವುದು ಸರಿಯಾಗಬೇಕಲ್ಲ. ಇದಕ್ಕೆ ಒಂದು ಅಳತೆಯ ಪೆಟ್ಟಿಗೆ ಬೇಕು, ಎಸ್‌ಡಬ್ಲ್ಯುಆರ್ ಮೀಟರ್. ಹೆಸರಿಗೆ ಹೆದರಬೇಡಿ. ಒಂದು ಉದ್ದನೆಯ ಹಗ್ಗವನ್ನು ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿ ಹಿಡಿದು ಒಮ್ಮೆ ಕುಲುಕಿ. ಅಲೆ ಓಡಿಹೋಗಿ ಸರಳಿಗೆ ಬಡಿದು ಕೈಗೇ ವಾಪಸ್ ಬರುತ್ತದೆ. ರೇಡಿಯೊ ಕಳಿಸಿದ ಶಕ್ತಿಯನ್ನು ಆಂಟೆನಾ ಆಕಾಶಕ್ಕೆ ಬಿಟ್ಟುಕೊಡದೆ ಹೋದರೆ ಅದೂ ಹೀಗೆ ಕೇಬಲ್ಲಿನಲ್ಲಿ ಹಿಂತಿರುಗುತ್ತದೆ. ಎಷ್ಟು ಹೋಯಿತು, ಎಷ್ಟು ಮರಳಿತು ಎಂಬುದರ ಲೆಕ್ಕವೇ ಎಸ್‌ಡಬ್ಲ್ಯುಆರ್. ಏನೂ ಮರಳದಿದ್ದರೆ 1. ಮೀಟರ್ 1.5 ತೋರಿಸಿದರೆ ನೂರರಲ್ಲಿ 4 ಪಾಲು ಮರಳಿದೆ. 2 ಆದರೆ 11 ಪಾಲು. 3 ಆದರೆ 25 ಪಾಲು. ಎರಡರೊಳಗಿದ್ದರೆ ಸಾಮಾನ್ಯವಾಗಿ ನೆಮ್ಮದಿ. ಅದಕ್ಕಿಂತ ಬಹಳ ಏರಿದರೆ ಇಂದಿನ ಬಹುತೇಕ ಸೆಟ್ಟುಗಳು ತಮ್ಮ ಜೀವ ಉಳಿಸಿಕೊಳ್ಳಲು ತಾವೇ ಶಕ್ತಿ ಇಳಿಸಿಬಿಡುತ್ತವೆ. ಆ ಏರ್ಪಾಡು ಇಲ್ಲದ ಹಳೆಯ ಸೆಟ್ಟು ಸುಟ್ಟೇ ಹೋಗಬಹುದು.

ತಾತ ಅತಿ ಕಡಿಮೆ ಶಕ್ತಿಯಲ್ಲಿ ಒತ್ತಿ ನೋಡಿದರು. ಮುಳ್ಳು ಒಮ್ಮೆ 2ರ ಬಳಿ, ಇನ್ನೊಮ್ಮೆ 5ರ ಆಚೆ. ಹೊರಗೆ ಗಾಳಿ ಬೀಸಿದಾಗಲೆಲ್ಲ ಕುಣಿತ. ಮಕ್ಕಳೇ, ಇದನ್ನು ನೆನಪಿಡಿ: ಮುಳ್ಳು ನಿಂತಲ್ಲಿ ನಿಲ್ಲದಿದ್ದರೆ ತಂತಿಯ ಉದ್ದ ಬದಲಿಸಲು ಹೋಗಬೇಡಿ. ಎಲ್ಲೋ ಒಂದು ಜೋಡಣೆ ಸಡಿಲವಾಗಿದೆ ಎಂದೇ ಅರ್ಥ. ಬಿರಡೆ ಜಾರುತ್ತಿರುವ ತಂಬೂರಿಗೆ ಯಾರಾದರೂ ಶ್ರುತಿ ಹಿಡಿಯುತ್ತಾರೆಯೇ?

ದೋಷ ಕೇಬಲ್ಲಿನಲ್ಲಿದೆಯೋ ಆಂಟೆನಾದಲ್ಲೋ? ದಾರಿಯನ್ನು ಎರಡು ಭಾಗ ಮಾಡಿ ಹುಡುಕಬೇಕು. ಆಂಟೆನಾ ಬಿಚ್ಚಿ, ಕೇಬಲ್ಲಿನ ಮೇಲಿನ ತುದಿಗೆ ‘ಡಮ್ಮಿ ಲೋಡ್’ ಹಾಕಿದರು. ಅದು ಬೇರೇನಲ್ಲ, 50 ಓಮಿನ ದಪ್ಪ ರೆಸಿಸ್ಟರ್. ಬಂದ ಶಕ್ತಿಯನ್ನೆಲ್ಲ ನುಂಗಿ ಬಿಸಿಯಾಗುತ್ತದೆ, ಏನನ್ನೂ ಮರಳಿಸುವುದಿಲ್ಲ. ಕೇಬಲ್ ಚೆನ್ನಾಗಿದ್ದರೆ ಮೀಟರ್ 1 ತೋರಿಸಬೇಕು. ತೋರಿಸಲಿಲ್ಲ, ಕುಣಿತ ಹಾಗೇ ಇತ್ತು. ಅಲ್ಲಿಗೆ ಆಂಟೆನಾ ನಿರಪರಾಧಿ, ಕೇಬಲ್ಲೇ ಆರೋಪಿ.

ಕೇಬಲ್ಲನ್ನು ಎರಡೂ ಕಡೆ ಬಿಚ್ಚಿ ಮಲ್ಟಿಮೀಟರ್ ಹಿಡಿದರು. ಒಳತಂತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ‘ಬೀಪ್’ ಬರಬೇಕು. ಹೊರಗಿನ ಹೆಣಿಗೆಗೂ ಹಾಗೆಯೇ. ಒಳತಂತಿಗೂ ಹೆಣಿಗೆಗೂ ನಡುವೆ ಮಾತ್ರ ಬರಕೂಡದು. ಹೆಣಿಗೆಯ ‘ಬೀಪ್’ ಬಂದುಬಂದು ಹೋಗುತ್ತಿತ್ತು. ಮೇಲಿನ ಪ್ಲಗ್ಗು ಬಿಚ್ಚಿದರೆ ಹೆಣಿಗೆಯ ಎಳೆಗಳಿಗೆ ಬೆಸುಗೆಯೇ ಹಿಡಿದಿರಲಿಲ್ಲ, ಬರೀ ತಾಗಿಕೊಂಡಿದ್ದವು. ಎಳೆಗಳು ಹಸಿರುಗಟ್ಟಿದ್ದವು, ಮಳೆನೀರು ಒಳಗೆ ಇಳಿದಿದ್ದ ಗುರುತು ಅದು.

ಎಸ್.ಪಿ. ರೋಡಿನಿಂದ ಹೊಸ ಪ್ಲಗ್ಗು ಬಂತು. ನೀರು ಕುಡಿದ ಒಂದಡಿ ಕೇಬಲ್ಲನ್ನು ಕತ್ತರಿಸಿ ತೆಗೆದು, ಪರಿಚಯದ ಎಲೆಕ್ಟ್ರಿಷಿಯನ್ ತಾತ ಹೇಳಿದಂತೆ ಬೆಸುಗೆ ಹಾಕಿದರು. ಆಮೇಲೆ ರಬ್ಬರ್ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿದರು. ಕೆಳಗಿನಿಂದಲೇ ಏಕೆ? ಹಂಚಿನ ಮನೆ ನೋಡಿದ್ದೀರಲ್ಲ. ಮೇಲಿನ ಹಂಚು ಕೆಳಗಿನದರ ಮೇಲೆ ಕೂತಿದ್ದರೆ ನೀರು ಜಾರಿಹೋಗುತ್ತದೆ. ಇನ್ನೊಂದು ಉಪಾಯ: ಕೇಬಲ್ ಕಿಟಕಿಯೊಳಗೆ ಬರುವ ಮುನ್ನ ಒಮ್ಮೆ ಕೆಳಗೆ ಜೋತು ಮತ್ತೆ ಮೇಲೇರಬೇಕು. ಹನಿಗಳು ಆ ಜೋತಿನಲ್ಲೇ ಉದುರುತ್ತವೆ, ಒಳಗೆ ಬರುವುದಿಲ್ಲ.

ಇಲ್ಲೊಂದು ಎಚ್ಚರಿಕೆ. ಆಂಟೆನಾದ ಎರಡು ಕೊನೆಗಳಿಗೆ ಮಲ್ಟಿಮೀಟರ್ ಹಿಡಿದಾಗ ‘ಬೀಪ್’ ಬಂದರೆ ಅದು ಕೆಟ್ಟಿದೆ ಎಂದುಕೊಳ್ಳಬೇಡಿ. ಅಂಗಡಿಯ ಎಷ್ಟೋ ಆಂಟೆನಾಗಳ ಬುಡದ ಡಬ್ಬಿಯೊಳಗೆ ತಂತಿ ಸುತ್ತಿದ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಮಲ್ಟಿಮೀಟರ್‌ಗೆ ಅದು ಬರೀ ತಂತಿಯಂತೆ ಕಾಣುತ್ತದೆ, ರೇಡಿಯೊ ಅಲೆಗೆ ಅಲ್ಲ. ಜೊತೆಗೆ ಬಂದ ಕಾಗದವನ್ನು ಮೊದಲು ಓದಿ.

ಮೂರನೆಯ ದೂರು: ಶ್ರುತಿ ಇಳಿದಿದೆ

ಈಗ ಮುಳ್ಳು ನಿಂತಿತು. ಆದರೆ 7.1ರಲ್ಲಿ ಅದು ನಿಂತದ್ದು 2.6ರ ಮೇಲೆ. ಅಂದರೆ ಐದರಲ್ಲಿ ಒಂದು ಪಾಲು ಶಕ್ತಿ ವಾಪಸ್. ತಾತ ‘ಆಂಟೆನಾ ಅನಲೈಸರ್’ ಎಂಬ ಪುಟ್ಟ ಉಪಕರಣವನ್ನು ಸ್ನೇಹಿತರೊಬ್ಬರಿಂದ ಎರವಲು ತಂದರು. ಅದು ಬಹಳ ಸಣ್ಣ ಶಕ್ತಿಯಲ್ಲಿ ತಾನೇ ಬೇರೆಬೇರೆ ಕಡೆ ಅಳೆದು, ಯಾವ ಮೆಗಾಹರ್ಟ್ಜ್‌ನಲ್ಲಿ ಎಷ್ಟು ಎಂದು ಗೆರೆ ಎಳೆದು ತೋರಿಸುತ್ತದೆ. ಗೆರೆ ಒಂದು ಕಡೆ ಕಣಿವೆಯಂತೆ ತಗ್ಗಿರುತ್ತದೆ. ಅಲ್ಲೇ ಆಂಟೆನಾದ ಶ್ರುತಿ. ತಾತನ ಆಂಟೆನಾದ ತಗ್ಗು ಇದ್ದದ್ದು 6.95ರಲ್ಲಿ, ಹ್ಯಾಮ್ ಪಟ್ಟಿಯ ಹೊರಗೆ!

‘ಉದ್ದನೆಯ ತಂತಿ ಮೀಟಿದರೆ ದನಿ ತಗ್ಗೋ, ತಾರವೋ?’ ತಾತ ಕೇಳಿದರು.

‘ತಗ್ಗು.’

‘ಹಾಗಾದರೆ ಈಗೇನು ಮಾಡಬೇಕು?’

‘ಚಿಕ್ಕದು ಮಾಡಬೇಕು! ಕತ್ತರಿ ತರಲಾ?’

‘ಕತ್ತರಿ ಬೇಡವೇ ಬೇಡ. ಕತ್ತರಿಸಿದ್ದು ಮತ್ತೆ ಬೆಳೆಯಲ್ಲ ಕಣೇ.’

ಕತ್ತರಿಸದೆ ಚಿಕ್ಕದು ಮಾಡುವುದು ಹೇಗೆ? ತುದಿಯನ್ನು ಹಿಂದಕ್ಕೆ ಮಡಿಚಿ, ಅದೇ ತಂತಿಗೆ ಒತ್ತಾಗಿ ಸುತ್ತಿದರೆ ಸಾಕು. ಎಷ್ಟು ಮಡಿಚಬೇಕು? ಈಗಿರುವ ಉದ್ದವನ್ನು ಈಗಿರುವ ಶ್ರುತಿಯಿಂದ ಗುಣಿಸಿ, ಬೇಕಾದ ಶ್ರುತಿಯಿಂದ ಭಾಗಿಸಿ. 20.40 ಗುಣಿಸು 6.95, ಭಾಗಿಸು 7.10, ಉತ್ತರ 19.97 ಮೀಟರ್. ಅಂದರೆ ಒಟ್ಟು 43 ಸೆಂಟಿಮೀಟರ್ ಕಡಿಮೆ. ಒಂದೊಂದು ಕಡೆ 21ರಿಂದ 22.

ಆದರೆ ಒಮ್ಮೆಗೇ ಅಷ್ಟೂ ಮಡಿಚಲಿಲ್ಲ. ಮೊದಲು ಕಡೆಗೆ 15ರಂತೆ, ಎರಡೂ ಕಡೆ ಸಮನಾಗಿ. ಅಳೆದರೆ ತಗ್ಗು 7.05ಕ್ಕೆ ಏರಿತ್ತು. ಮತ್ತೆ ಕಡೆಗೆ 5. ತಗ್ಗು 7.09. ಮೀಟರ್ 1.4. ‘ಸಾಕು’ ಎಂದರು ತಾತ. ‘1 ಬರಲಿ ತಾತ’ ಎಂದು ಮೊಮ್ಮಗಳ ಹಟ. 1.4ಕ್ಕೂ 1ಕ್ಕೂ ಇರುವ ವ್ಯತ್ಯಾಸ ನೂರರಲ್ಲಿ ಮೂರು ಪಾಲಿಗಿಂತ ಕಡಿಮೆ; ಕೇಳುವವರ ಕಿವಿಗೆ ಅದು ಗೊತ್ತೇ ಆಗದು. ಎಲ್ಲಿ ನಿಲ್ಲಿಸಬೇಕು ಎಂದು ತಿಳಿಯುವುದೂ ಈ ವಿದ್ಯೆಯ ಒಂದು ಪಾಠ.

ತಂತಿ ಉದ್ದವಿದ್ದದ್ದು ಒಂದು ಕಾರಣವಾದರೆ ಮನೆಯೂ ಇನ್ನೊಂದು ಕಾರಣ. ಕಾಂಕ್ರೀಟಿನ ತಾರಸಿಯೊಳಗೆ ಕಬ್ಬಿಣದ ಸರಳುಗಳ ಬಲೆ ಇರುತ್ತದೆ. ನೀರಿನ ಟ್ಯಾಂಕಿನ ಸ್ಟ್ಯಾಂಡು, ಗ್ರಿಲ್ಲು, ಬಟ್ಟೆ ಒಣಗಿಸುವ ತಂತಿ ಬೇರೆ. ಆಂಟೆನಾದ ತುದಿಗೆ ಇವು ಹತ್ತಿರವಾದಷ್ಟೂ ಅದು ಇದ್ದುದಕ್ಕಿಂತ ಉದ್ದವಾಗಿರುವಂತೆ ನಡೆದುಕೊಳ್ಳುತ್ತದೆ. ಆದ್ದರಿಂದ ಬಯಲಿನಲ್ಲಿ ಸರಿಹೊಂದಿಸಿದ ಆಂಟೆನಾ ಕುಮಾರ ಪಾರ್ಕಿನ ತಾರಸಿಗೆ ಬಂದರೆ ಬೇರೆಯಾಗುತ್ತದೆ, ಬಸವನಗುಡಿಯ ತಾರಸಿಯಲ್ಲಿ ಇನ್ನೂ ಬೇರೆಯಾಗುತ್ತದೆ. ಪೆಟ್ಟಿಗೆಯ ಮೇಲೆ ಏನೇ ಬರೆದಿರಲಿ, ಕೊನೆಯ ಶ್ರುತಿ ಕೂಡಿಸುವುದು ನಮ್ಮ ಮನೆಯಲ್ಲೇ.

ಇನ್ನೆರಡು ಗುರುತುಗಳನ್ನು ತಾತ ನೋಟ್‌ಬುಕ್ಕಿನಲ್ಲಿ ಬರೆಸಿದರು. ಮೀಟರ್ ಎಲ್ಲ ಕಡೆಯೂ ವಿಪರೀತ ಹೆಚ್ಚು ತೋರಿಸಿದರೆ ಎಲ್ಲೋ ತಂತಿ ಕಡಿದಿದೆ ಅಥವಾ ಒಂದಕ್ಕೊಂದು ತಾಗಿದೆ. ಎಲ್ಲ ಕಡೆಯೂ ಒಂದೇ ಸಮನೆ ತೀರ ಚೆನ್ನಾಗಿ ತೋರಿಸಿದರೂ ಅನುಮಾನಪಡಿ. ನೀರು ಕುಡಿದ ಕೇಬಲ್ ಶಕ್ತಿಯನ್ನೆಲ್ಲ ತಾನೇ ನುಂಗುತ್ತಿರಬಹುದು.

ಮರೆಯಬಾರದ ಐದು ಮಾತು

ಒಂದು: ಬೆಸ್ಕಾಂ ತಂತಿ ಹತ್ತಿರವಿರುವ ಕಡೆ ಆಂಟೆನಾ ಕಟ್ಟಲೇಬಾರದು. ಪೈಪು ಯಾವ ದಿಕ್ಕಿಗೆ ಬಿದ್ದರೂ ಕರೆಂಟಿನ ತಂತಿಗೆ ತಾಗದಷ್ಟು ದೂರವಿರಬೇಕು.

ಎರಡು: ಬೆಂಗಳೂರಿನ ಏಪ್ರಿಲ್, ಮೇ ಸಂಜೆಗಳ ಗುಡುಗು ನಿಮಗೆ ಗೊತ್ತೇ ಇದೆ. ಮೋಡ ಕಟ್ಟುವ ಮೊದಲೇ ಕೇಬಲ್ಲನ್ನು ರೇಡಿಯೊದಿಂದ ಬಿಚ್ಚಿ ಮನೆಯ ಹೊರಗಿಡಿ. ಗುಡುಗು ಕೇಳಿಸತೊಡಗಿದ ಮೇಲೆ ಕೇಬಲ್ ಮುಟ್ಟಬೇಡಿ, ತಾರಸಿಗೂ ಹೋಗಬೇಡಿ.

ಮೂರು: ಮಾತಾಡುತ್ತಿರುವಾಗ ತಂತಿಯ ತುದಿಯಲ್ಲಿ ಹೆಚ್ಚು ವೋಲ್ಟೇಜ್ ಇರುತ್ತದೆ, ಮುಟ್ಟಿದರೆ ಸುಡುತ್ತದೆ. ತುದಿಗಳು ಯಾರ ಕೈಗೂ ಎಟುಕದಂತಿರಲಿ. ಮೇಲಿದ್ದ ಅಮ್ಮ ‘ಇಬ್ಬರೂ ದೂರ ಇದ್ದೀವಿ’ ಎಂದು ಫೋನಿನಲ್ಲಿ ಹೇಳುವವರೆಗೆ ತಾತ ಗುಂಡಿ ಮುಟ್ಟುತ್ತಿರಲಿಲ್ಲ.

ನಾಲ್ಕು: ಮಕ್ಕಳು ಒಬ್ಬರೇ ತಾರಸಿಗೆ ಹೋಗಬಾರದು, ಏಣಿ ಹತ್ತಬಾರದು.

ಐದು: ತಂತಿಯನ್ನು ಮರಕ್ಕೆ ಬಿಗಿದು ಕಟ್ಟಬೇಡಿ. ಗಾಳಿಗೆ ಮರ ತೂಗುತ್ತದೆ, ತಂತಿ ಹರಿಯುತ್ತದೆ. ರಾಟೆ ಹಾಕಿ, ಹಗ್ಗದ ತುದಿಗೆ ಭಾರ ತೂಗುಬಿಟ್ಟರೆ ಮರದ ಜೊತೆ ತಂತಿಯೂ ಆಡುತ್ತದೆ.

ಚಿಕ್ಕ ಕಡ್ಡಿ, ಬಾಹ್ಯಾಕಾಶದ ದನಿ

ಎಲ್ಲರಿಗೂ ಅಷ್ಟು ದೊಡ್ಡ ತಾರಸಿ ಎಲ್ಲಿದೆ? ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿರುವವರು ಏನು ಮಾಡಬೇಕು? ಅವರಿಗೆ 144ರಿಂದ 146 ಮೆಗಾಹರ್ಟ್ಜ್‌ನ ಇನ್ನೊಂದು ಪಟ್ಟಿಯಿದೆ. ಲೆಕ್ಕ ಹಾಕಿ: 300 ಭಾಗಿಸು 145, ಅಲೆಯ ಉದ್ದ ಸುಮಾರು 2 ಮೀಟರ್. ಕಾಲುಭಾಗದ ಕಡ್ಡಿ ಸಾಕು, ಸುಮಾರು 49 ಸೆಂಟಿಮೀಟರ್. ಅಂಗಡಿಯಲ್ಲಿ ಸಿಗುವ ಇಂಥ ಕಡ್ಡಿಗಳ ಬುಡದಲ್ಲಿ ಸಣ್ಣ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ ಕಡ್ಡಿಯನ್ನು ಮೇಲೆ ಕೆಳಗೆ ಜರುಗಿಸಬಹುದು. ಇಲ್ಲಿ ಕೈ ಬಹಳ ಹಗುರವಿರಬೇಕು. ತಾತನ ದೊಡ್ಡ ತಂತಿಯಲ್ಲಿ 1 ಸೆಂಟಿಮೀಟರ್ ಲೆಕ್ಕಕ್ಕೇ ಇಲ್ಲ. ಈ ಚಿಕ್ಕ ಕಡ್ಡಿಯಲ್ಲಿ ಅದೇ 1 ಸೆಂಟಿಮೀಟರಿಗೆ ಶ್ರುತಿ ಸುಮಾರು 3 ಮೆಗಾಹರ್ಟ್ಜ್ ಜರುಗುತ್ತದೆ. ಪಟ್ಟಿಯ ಅಗಲವೇ 2!

ಈ ಪಟ್ಟಿಯ ಜೊತೆ ನಮ್ಮ ಊರಿಗೊಂದು ವಿಶೇಷ ನಂಟಿದೆ. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಹಾರಿದ ಪಿಎಸ್‌ಎಲ್‌ವಿ-ಸಿ6 ರಾಕೆಟ್, ಕಾರ್ಟೊಸ್ಯಾಟ್-1ರ ಜೊತೆಗೆ ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹವನ್ನೂ ಹೊತ್ತೊಯ್ದಿತ್ತು. ತೂಕ 42.5 ಕಿಲೋ. ಹವ್ಯಾಸಿ ರೇಡಿಯೊದವರಿಗೆಂದೇ ಇಸ್ರೊ ಕಳಿಸಿದ ಉಪಗ್ರಹ ಅದು. 2014ರವರೆಗೆ, ಒಂಬತ್ತು ವರ್ಷ, ದೇಶವಿದೇಶದ ಹ್ಯಾಮ್‌ಗಳ ಮಾತನ್ನು ದಾಟಿಸಿತು. 2025ರ ಜುಲೈನಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿದ್ದ ಶುಭಾಂಶು ಶುಕ್ಲಾ ಅವರು ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರಕ್ಕೆ ಬಂದಿದ್ದ ವಿದ್ಯಾರ್ಥಿಗಳೊಂದಿಗೆ ಮಾತಾಡಿದ್ದು ಹ್ಯಾಮ್ ರೇಡಿಯೊದಲ್ಲೇ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, ಗಂಟೆಗೆ 27 ಸಾವಿರ ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಓಡುವ ಆ ನಿಲ್ದಾಣ ನಮ್ಮ ಆಕಾಶದಲ್ಲಿರುವುದು ಒಮ್ಮೆಗೆ ಹತ್ತು ನಿಮಿಷದಷ್ಟು ಮಾತ್ರ. ಆ ಹತ್ತು ನಿಮಿಷದಲ್ಲಿ ಪ್ಲಗ್ಗು ಸಡಿಲವಾಗಿದೆಯೇ ಎಂದು ನೋಡಲು ಬಿಡುವಿಲ್ಲ. ಎಲ್ಲವೂ ಮೊದಲೇ ಸರಿಯಾಗಿರಬೇಕು.

ಕಷ್ಟಕಾಲಕ್ಕೂ ಇದೇ ಮಾತು. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಭಾರತಿ ಪ್ರಸಾದ್ ಅವರ ತಂಡ ಹವ್ಯಾಸಿ ರೇಡಿಯೊ ಕಾರ್ಯಕ್ರಮಕ್ಕೆಂದು ಪೋರ್ಟ್ ಬ್ಲೇರ್‌ನಲ್ಲಿತ್ತು. ಫೋನುಗಳು ಸತ್ತಾಗ ‘ನಾವು ಬದುಕಿದ್ದೇವೆ’ ಎಂಬ ಸಂದೇಶಗಳು ಎಷ್ಟೋ ಮನೆಗಳಿಗೆ ತಲುಪಿದ್ದು ಆ ತಂಡದ ಆಂಟೆನಾಗಳಿಂದ. ಅವು ಆಗಲೇ ಕಟ್ಟಿ ಸಿದ್ಧವಾಗಿದ್ದವು ಎಂಬುದೇ ದೊಡ್ಡ ಸಂಗತಿ.

ಶಕ್ತಿ ಕಡಿಮೆಯಿದ್ದರೆ ಆಗುತ್ತದೆಯೇ ಎಂದು ಕೇಳುತ್ತೀರಾ? 1935ರಲ್ಲಿ ಮೈಸೂರಿನ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ‘ಆಕಾಶವಾಣಿ’ ಎಂಬ ಹೆಸರಿನ ರೇಡಿಯೊ ನಿಲಯ ಆರಂಭಿಸಿದ್ದು ಬರೀ 30 ವಾಟಿನ ಯಂತ್ರದಿಂದ. ನಮ್ಮ ತಲೆಯ ಮೇಲೆ ತಿರುಗುವ ಹಳೆಯ ಸೀಲಿಂಗ್ ಫ್ಯಾನು ಅದರ ಎರಡರಷ್ಟು ತಿನ್ನುತ್ತದೆ. ಒಳ್ಳೆಯ ಆಂಟೆನಾ ಇದ್ದರೆ ಕಡಿಮೆ ಶಕ್ತಿಯೂ ದೂರ ಹೋಗುತ್ತದೆ.

ಈ ವಾರದ ಕೆಲಸ

ಲೈಸೆನ್ಸ್ ಇಲ್ಲದೆ ರೇಡಿಯೊದಲ್ಲಿ ಮಾತಾಡುವುದು ಅಪರಾಧ. ಆದರೆ ಈ ಎರಡು ಕೆಲಸಕ್ಕೆ ಯಾರ ಅಪ್ಪಣೆಯೂ ಬೇಡ.

1. ಮನೆಯ ಎಫ್‌ಎಂ ರೇಡಿಯೊದಲ್ಲಿ 101.3 ಹಾಕಿ. 300 ಭಾಗಿಸು 101.3, ಅದರ ಕಾಲುಭಾಗ ಸುಮಾರು 74 ಸೆಂಟಿಮೀಟರ್. ರೇಡಿಯೊದ ಕಡ್ಡಿಯನ್ನು ಪೂರ್ತಿ ಒಳಗೆ ತಳ್ಳಿ, ಆಮೇಲೆ ಸ್ವಲ್ಪಸ್ವಲ್ಪವೇ ಎಳೆಯುತ್ತ, ದನಿ ಎಲ್ಲಿ ಸ್ವಚ್ಛವಾಯಿತು ಎಂದು ಸ್ಕೇಲಿನಿಂದ ಅಳೆದು ಬರೆಯಿರಿ. ಅಡುಗೆಮನೆಯಲ್ಲಿ ಒಮ್ಮೆ, ಕಿಟಕಿಯ ಬಳಿ ಒಮ್ಮೆ.

2. ಅಜ್ಜ ಅಜ್ಜಿಯ ಹಳೆಯ ಮೀಡಿಯಂ ವೇವ್ ರೇಡಿಯೊ ಇದ್ದರೆ ಅದನ್ನು ಹಿಡಿದು ಮನೆಯೆಲ್ಲ ಸುತ್ತಿ. ಯಾವ ಬಲ್ಬು, ಯಾವ ಚಾರ್ಜರ್ ಬಳಿ ‘ಝೀ’ ಸದ್ದು ಬರುತ್ತದೆ? ಪಟ್ಟಿ ಮಾಡಿ, ಅಜ್ಜನ ಕೈಲಿ ಸಹಿ ಹಾಕಿಸಿ.

ಅಜ್ಜ ಅಜ್ಜಿಯರೇ, ನಿಮಗೂ ಒಂದು ಕೆಲಸ. ನಿಮ್ಮ ಮನೆಯ ಹಳೆಯ ಏರಿಯಲ್ ಎಲ್ಲಿಂದ ಎಲ್ಲಿಗೆ ಕಟ್ಟಿತ್ತು, ಅದರಲ್ಲಿ ಯಾವ ನಿಲಯ ಕೇಳುತ್ತಿದ್ದಿರಿ ಎಂದು ಮಕ್ಕಳಿಗೆ ಹೇಳಿ. ಆ ಮೊಳೆಗಳು ಈಗಲೂ ಗೋಡೆಯಲ್ಲಿದ್ದರೆ ತೋರಿಸಿ.

ಹ್ಯಾಮ್ ಪರೀಕ್ಷೆಗೆ ಕೂರಲು 12 ವರ್ಷ ತುಂಬಿರಬೇಕು. ನಾಲ್ಕು ಮನೆಯಾಚೆಯ ಹುಡುಗಿಗೆ ಇನ್ನು ಏಳು ತಿಂಗಳು ಬಾಕಿ. ಪುಸ್ತಕ ಆಗಲೇ ಬಂದಿದೆ. ಓಮ್‌ನ ನಿಯಮ ಮುಗಿದಿದೆ, ಕೆಪಾಸಿಟರ್ ನಡೆಯುತ್ತಿದೆ. ಪಾಠ ಬೆಳಿಗ್ಗೆ ಎಂಟರ ಮೇಲೆ ಮಾತ್ರ. ಅದಕ್ಕೆ ಮುಂಚೆ ತಾತ ಹುಬ್ಬಳ್ಳಿಯವರ ಜೊತೆ ಮಾತಿನಲ್ಲಿರುತ್ತಾರೆ.